ಕೀಮೋದ 21 ದಿನ: ಮೈಯ ಲೆಕ್ಕ, ವಿಮೆಯ ಕಾಗದ

ಕ್ಯಾನ್ಸರ್ ಎಂದು ಹೇಳುವ ಬಯಾಪ್ಸಿ ವರದಿ ಕೈಗೆ ಬಂದ ವಾರದಲ್ಲೇ ಮನೆಯವರು ಎರಡು ಪಾಲಾಗುತ್ತಾರೆ. ಒಬ್ಬರು ರೋಗಿಯ ಪಕ್ಕ ಕೂರುತ್ತಾರೆ, ಇನ್ನೊಬ್ಬರು ಫೈಲು ಹಿಡಿದು ವಿಮೆಯ ಕೌಂಟರಿನ ಮುಂದೆ ನಿಲ್ಲುತ್ತಾರೆ. ರಾತ್ರಿ ಎಷ್ಟು ಜ್ವರ ಬಂದಿತ್ತು ಎಂಬುದು ಫೈಲು ಹಿಡಿದವರಿಗೆ ತಿಳಿದಿರುವುದಿಲ್ಲ. ಪಾಲಿಸಿಯಲ್ಲಿ ಏನು ಬರೆದಿದೆ ಎಂಬುದು ಪಕ್ಕದಲ್ಲಿ ಕೂತವರಿಗೆ ತಿಳಿದಿರುವುದಿಲ್ಲ. ಕ್ಲೇಮ್ ಎಷ್ಟೋ ಸಲ ಈ ಸಂದಿಯಲ್ಲೇ ಕಳೆದುಹೋಗುತ್ತದೆ. ಅಡ್ಡಪರಿಣಾಮದ ಬಗ್ಗೆ ವೈದ್ಯರು ಕೇಸ್ ಶೀಟಿನಲ್ಲಿ ಬರೆಯುವ ಒಂದು ಸಾಲಿನ ಮೇಲೆ ಮುಂದಿನ ಮದ್ದೂ ನಿಂತಿದೆ, ಹಣವೂ ನಿಂತಿದೆ.

ಆದ್ದರಿಂದ ಎಲ್ಲಕ್ಕಿಂತ ಮೊದಲು ಒಂದು ನೋಟ್‌ಬುಕ್ ತನ್ನಿ. ಮನೆಯವರೆಲ್ಲರಿಗೂ ಅದೊಂದೇ ಡೈರಿ. ಬಹಳಷ್ಟು ಕೀಮೋ ಕ್ರಮಗಳು 21 ದಿನಕ್ಕೊಂದು ಸುತ್ತಿನಂತೆ ನಡೆಯುತ್ತವೆ. ಕೆಲವು 14 ದಿನಕ್ಕೊಮ್ಮೆ, ಕೆಲವು ವಾರಕ್ಕೊಮ್ಮೆ. ಕೀಮೋ ಹಾಕಿದ ದಿನವನ್ನು '1ನೇ ದಿನ' ಎಂದು ಬರೆದು, ಎಡ ಪುಟದಲ್ಲಿ ಜ್ವರ, ತೂಕ, ವಾಂತಿ, ಭೇದಿ, ನುಂಗಿದ ಮಾತ್ರೆ. ಬಲ ಪುಟದಲ್ಲಿ ಅಂದಿನ ಖರ್ಚು, ಬಿಲ್ ನಂಬರ್, ವಿಮೆಯವರೊಂದಿಗೆ ಆಡಿದ ಮಾತು, ಮಾತನಾಡಿದವರ ಹೆಸರು. ಇಷ್ಟು ಸಾಕು.

ಮೊದಲ ಸುತ್ತಿಗೆ ಮುನ್ನ ಪಾಲಿಸಿಯಲ್ಲಿ ಹುಡುಕಬೇಕಾದ್ದು

ಪಾಲಿಸಿಯ ಪೂರ್ತಿ ಪ್ರತಿಯನ್ನು ತರಿಸಿಕೊಳ್ಳಿ. ಕಾರ್ಡ್ ಸಾಲದು, ಏಜೆಂಟರ ವಾಟ್ಸ್ಆ್ಯಪ್ ಸಂದೇಶವಂತೂ ಸಾಲದು. ಅದರಲ್ಲಿ ಮೊದಲು ನೋಡಬೇಕಾದ್ದು ಕೋಣೆ ಬಾಡಿಗೆಯ ಮಿತಿ. ಹಳೆಯ ಪಾಲಿಸಿಗಳಲ್ಲಿ ಇದು ವಿಮಾ ಮೊತ್ತದ ಶೇ 1 ಇರುವುದುಂಟು. 5 ಲಕ್ಷದ ಪಾಲಿಸಿಯಾದರೆ ದಿನಕ್ಕೆ 5,000 ರೂಪಾಯಿ. ನೀವು 8,000 ರೂಪಾಯಿಯ ಕೋಣೆ ಹಿಡಿದರೆ ಹೆಚ್ಚಿನ 3,000 ಕೊಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ವೈದ್ಯರ ಶುಲ್ಕ, ನರ್ಸಿಂಗ್, ಆಪರೇಷನ್ ಥಿಯೇಟರ್ ಮುಂತಾದ ಜೊತೆ ಖರ್ಚನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಎಂಟಕ್ಕೆ ಐದರಂತೆ ಕತ್ತರಿಸುತ್ತಾರೆ. ಅಂಥ ಖರ್ಚು 1 ಲಕ್ಷವಾಗಿದ್ದರೆ ಕೈಗೆ ಬರುವುದು 62,500 ಮಾತ್ರ. ಔಷಧ, ಇಂಪ್ಲಾಂಟ್, ಪರೀಕ್ಷೆಗಳ ಬಿಲ್ಲಿಗೆ ಮತ್ತು ಐಸಿಯು ಬಾಡಿಗೆಗೆ ಈ ಕತ್ತರಿ ಹಾಕುವಂತಿಲ್ಲ. ಹಾಕಿದ್ದರೆ ಪ್ರಶ್ನಿಸಿ. ಅಂತೂ ಮಿತಿಯೊಳಗಿನ ಕೋಣೆಯನ್ನೇ ಕೇಳಿ ಪಡೆಯುವುದು ಜಾಣತನ.

ಎರಡನೆಯದು 'ಆಧುನಿಕ ಚಿಕಿತ್ಸೆ' ಎಂಬ ಪಟ್ಟಿ. ನುಂಗುವ ಕೀಮೋ ಮಾತ್ರೆ, ಇಮ್ಯುನೊಥೆರಪಿಯ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ಇಂಜೆಕ್ಷನ್, ರೋಬಾಟಿಕ್ ಶಸ್ತ್ರಚಿಕಿತ್ಸೆ, ಗಡ್ಡೆಗೆ ಕರಾರುವಾಕ್ಕಾಗಿ ಗುರಿಯಿಡುವ ಸ್ಟೀರಿಯೊಟ್ಯಾಕ್ಟಿಕ್ ವಿಕಿರಣ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿ ಇವೆಲ್ಲ ಅದರಲ್ಲಿವೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಇವನ್ನು ಪಾಲಿಸಿಯಿಂದ ಸಾರಾಸಗಟಾಗಿ ಹೊರಗಿಡುವಂತಿಲ್ಲ, ಆದರೆ ಇಂತಿಷ್ಟೇ ಎಂದು ಒಳಮಿತಿ ಹಾಕಬಹುದು. ಒಂದೊಂದು ಡೋಸಿಗೂ ಲಕ್ಷ ದಾಟುವ ಇಮ್ಯುನೊಥೆರಪಿಯಲ್ಲಿ ಈ ಒಳಮಿತಿಯೇ ನಿರ್ಣಾಯಕ. ವೈದ್ಯರು ಔಷಧ ಆರಿಸುವ ಮೊದಲೇ ಅವರಿಗೆ ಈ ಅಂಕಿ ಹೇಳಿ. ಅಷ್ಟೇ ಗುಣವಿರುವ ಬದಲಿ ಔಷಧ ಅಥವಾ ಬಯೋಸಿಮಿಲರ್ (ಮೂಲ ಜೈವಿಕ ಔಷಧವನ್ನು ಹೋಲುವಂತೆ ಬೇರೆ ಕಂಪನಿ ಮಾಡಿದ್ದು) ಇದ್ದರೆ ಆಗಲೇ ತಿಳಿಯುತ್ತದೆ.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಆಸ್ಪತ್ರೆಗೆ ಸೇರುವ ಮುಂಚಿನ 30 ಅಥವಾ 60 ದಿನ, ಬಿಡುಗಡೆಯಾದ ನಂತರದ 60 ಅಥವಾ 90 ದಿನಗಳ ಖರ್ಚನ್ನೂ ಪಾಲಿಸಿಗಳು ಕೊಡುತ್ತವೆ. ಕೀಮೋ ಬೆಳಗ್ಗೆ ಹೋಗಿ ಸಂಜೆ ಬರುವ ಚಿಕಿತ್ಸೆಯಾದರೂ ಡೇ ಕೇರ್ ಲೆಕ್ಕದಲ್ಲಿ ಅದು ಆಸ್ಪತ್ರೆ ವಾಸವೇ. ಈ ಸೌಲಭ್ಯ ಡೇ ಕೇರ್‌ಗೂ ಸಿಗುತ್ತದೆಯೇ ಎಂದು ಕಂಪನಿಯನ್ನು ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಸಿಗುವುದಾದರೆ ಎರಡು ಸುತ್ತುಗಳ ನಡುವಿನ ರಕ್ತಪರೀಕ್ಷೆ, ವಾಂತಿ ಮಾತ್ರೆ, ಕೌಂಟ್ (ರಕ್ತಕಣಗಳ ಸಂಖ್ಯೆ) ಏರಿಸುವ ಇಂಜೆಕ್ಷನ್, ಸ್ಕ್ಯಾನ್ ಎಲ್ಲವನ್ನೂ ಹಿಂದಿನ ಸುತ್ತಿನ 'ನಂತರದ ಖರ್ಚು' ಎಂದು ಕೇಳಬಹುದು. ಆರು ಸುತ್ತು ಮುಗಿಯುವಷ್ಟರಲ್ಲಿ ಇದು ದೊಡ್ಡ ಮೊತ್ತವೇ ಆಗುತ್ತದೆ. ಪ್ರತಿ ಬಿಲ್ಲಿಗೂ ತಾರೀಖು ಹಾಕಿದ ವೈದ್ಯರ ಚೀಟಿ ಬೇಕು, ಬಿಲ್ಲಿನಲ್ಲಿ ರೋಗಿಯ ಹೆಸರು ಬೇಕು. ಚೀಟಿಯಿಲ್ಲದ ಮೆಡಿಕಲ್ ಶಾಪ್ ಬಿಲ್ ಬರೀ ಕಾಗದ.

ಇನ್ನುಳಿದವು ಕಾಯುವ ಅವಧಿ (ಪಾಲಿಸಿ ಕೊಂಡ ಮೇಲೂ ಕ್ಲೇಮ್ ಸಿಗದ ಕಾಲ), ಬಿಲ್ಲಿನಲ್ಲಿ ನೀವೇ ಕೊಡಬೇಕಾದ ಪಾಲಿನ ಶೇಕಡಾವಾರು, ಮುಗಿದ ಮೊತ್ತ ಮರುಭರ್ತಿಯಾಗುತ್ತದೆಯೇ, ಆದರೂ ಅದೇ ಕಾಯಿಲೆಗೆ ಸಿಗುತ್ತದೆಯೇ ಎಂಬ ಷರತ್ತು. 2024ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 3 ವರ್ಷ ಮೀರುವಂತಿಲ್ಲ. ಸತತ 5 ವರ್ಷ ಕಂತು ಕಟ್ಟಿದ ಪಾಲಿಸಿಯ ಕ್ಲೇಮನ್ನು 'ಮಾಹಿತಿ ಮುಚ್ಚಿಟ್ಟಿರಿ' ಎಂಬ ಕಾರಣಕ್ಕೆ ತಳ್ಳಿಹಾಕುವಂತಿಲ್ಲ, ವಂಚನೆ ರುಜುವಾತಾದರೆ ಮಾತ್ರ ಬೇರೆ ಮಾತು.

ಗಂಭೀರ ಕಾಯಿಲೆ ಪಾಲಿಸಿ ಪ್ರತ್ಯೇಕವಾಗಿ ಇದ್ದರೆ ಅದು ಇಡಿಗಂಟು ಕೊಡುತ್ತದೆ, ಆಸ್ಪತ್ರೆಯ ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅಂಗಾಂಶದೊಳಕ್ಕೆ ಇಳಿಯದ ತೀರಾ ಆರಂಭದ ಗಡ್ಡೆ, ಕೆಲವು ಸಣ್ಣ ಥೈರಾಯ್ಡ್ ಗಡ್ಡೆಗಳು ಅದರ ವ್ಯಾಖ್ಯೆಯಿಂದ ಹೊರಗಿವೆ. ಬಯಾಪ್ಸಿ ವರದಿಯ ಪದಗಳನ್ನು ಪಾಲಿಸಿಯ ಪದಗಳ ಪಕ್ಕದಲ್ಲಿಟ್ಟು ಓದಿ.

ಮೊದಲ ಭೇಟಿಯ ಆ ಒಂದು ಸಾಲು

ವಿಮೆಯವರು ಕೇಳುವ ಮೊದಲ ಪ್ರಶ್ನೆ: ಲಕ್ಷಣ ಶುರುವಾದದ್ದು ಯಾವಾಗ? ಇದಕ್ಕೆ ಉತ್ತರ ಹುಡುಕುವುದು ನೀವು ಮೊಟ್ಟಮೊದಲು ತೋರಿಸಿಕೊಂಡ ವೈದ್ಯರ ಚೀಟಿಯಲ್ಲಿ. ಗಡಿಬಿಡಿಯ ಒಪಿಡಿಯಲ್ಲಿ 'ಎರಡು ತಿಂಗಳಿಂದ ಗಂಟು' ಎಂದು ನೀವು ಹೇಳಿದ್ದು 'ಎರಡು ವರ್ಷ' ಎಂದು ದಾಖಲಾದರೆ, ಪಾಲಿಸಿ ಹೊಸದಾಗಿದ್ದಲ್ಲಿ ಅಷ್ಟಕ್ಕೇ ಕ್ಲೇಮ್ ಬಿದ್ದುಹೋಗಬಹುದು. ಚೀಟಿ ಕೈಗೆ ಬಂದ ಕೂಡಲೇ ಓದಿಸಿಕೊಳ್ಳಿ. ನಿಜವಾಗಿಯೂ ತಪ್ಪಾಗಿದ್ದರೆ ಅದೇ ವೈದ್ಯರಿಂದ ಸಹಿ, ಮೊಹರು, ತಾರೀಖಿನೊಂದಿಗೆ ತಿದ್ದುಪಡಿ ಪತ್ರ ಪಡೆಯಿರಿ. ತಿರಸ್ಕಾರವಾದ ಮೇಲೆ ತಂದ ಪತ್ರಕ್ಕಿಂತ ಮೊದಲೇ ತಂದ ಪತ್ರಕ್ಕೆ ತೂಕ ಹೆಚ್ಚು. ಸುಳ್ಳು ಬರೆಸಲು ಮಾತ್ರ ಹೋಗಬೇಡಿ, ಅದು ಪಾಲಿಸಿಯನ್ನೇ ಕೊಲ್ಲುತ್ತದೆ.

ಫೈಲಿನಲ್ಲಿ ಬಯಾಪ್ಸಿ ವರದಿ, ಸ್ಕ್ಯಾನ್, ಚಿಕಿತ್ಸೆಯ ಪೂರ್ತಿ ಯೋಜನೆ ಬರೆದ ಪತ್ರ (ಔಷಧದ ಹೆಸರು, ಡೋಸು, ಎಷ್ಟು ಸುತ್ತು), ಹಿಂದಿನ ವರ್ಷಗಳ ಪಾಲಿಸಿ ಪ್ರತಿ ಇರಲಿ. ಅಸಲಿಯನ್ನು ಕೊಡುವ ಮೊದಲು ಎರಡು ಜೆರಾಕ್ಸ್ ಮಾಡಿಸಿ. ಮೊದಲೇ ನಿಗದಿಯಾದ ಕೀಮೋಗೆ ಪೂರ್ವಾನುಮತಿ ಅರ್ಜಿಯನ್ನು ಎರಡು ಮೂರು ದಿನ ಮುಂಚೆಯೇ ಕಳಿಸಲು ಆಸ್ಪತ್ರೆಯ ವಿಮಾ ಡೆಸ್ಕ್‌ಗೆ ಹೇಳಿ. 2024ರ ಮೇ ತಿಂಗಳ ಸುತ್ತೋಲೆಯಂತೆ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಕಟ್ಟುವ) ಅರ್ಜಿಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಬಿಲ್ಲಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು. ಮೂರು ಗಂಟೆ ಮೀರಿದ್ದಕ್ಕಾಗಿ ಆಸ್ಪತ್ರೆ ಹೆಚ್ಚು ಹಾಕಿದರೆ ಆ ಹೊರೆ ಕಂಪನಿಯದು. ವ್ಯವಹಾರದಲ್ಲಿ ಏನಾಗುತ್ತದೆಂದರೆ ಕಂಪನಿ 'ಕ್ವೆರಿ', ಅಂದರೆ ಹೆಚ್ಚಿನ ವಿವರ ಕೇಳುವ ಪ್ರಶ್ನೆ, ಕಳಿಸುತ್ತದೆ, ಅದು ಆಸ್ಪತ್ರೆಯ ಇಮೇಲ್‌ನಲ್ಲೇ ಮಲಗಿರುತ್ತದೆ. ಪ್ರತಿ ಎರಡು ಗಂಟೆಗೊಮ್ಮೆ ಡೆಸ್ಕ್‌ಗೆ ಹೋಗಿ 'ಕ್ವೆರಿ ಬಂದಿದೆಯಾ?' ಎಂದು ಕೇಳುವುದೇ ಮದ್ದು.

ಸರ್ಕಾರಿ ಯೋಜನೆಯಾದರೆ

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಬೇಕಾದ್ದು ಆಧಾರ್ ಮತ್ತು ಪಡಿತರ ಚೀಟಿ. ಎರಡರಲ್ಲೂ ಹೆಸರು ಒಂದೇ ತೆರನಾಗಿರಬೇಕು, ರೋಗಿಯ ಹೆಸರು ಪಡಿತರ ಚೀಟಿಯಲ್ಲಿ ಇರಲೇಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇರುವುದು ಸಾಮಾನ್ಯ ತೊಡಕು. ಅದನ್ನು ಇವತ್ತೇ ನೋಡಿ.

ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಸಂದರ್ಭದ ಹೊರತು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರಿ ಸಂಸ್ಥೆಯೇ ಆದ್ದರಿಂದ ಅಲ್ಲಿ ನೇರವಾಗಿ ನೋಂದಾಯಿಸಿಕೊಳ್ಳಬಹುದು. ಕೀಮೋಗೆ ಒಪ್ಪಿಗೆ ಸುತ್ತಿನ ಲೆಕ್ಕದಲ್ಲಿ ಬರುತ್ತದೆ. ಔಷಧದ ಕ್ರಮ ನಡುವೆ ಬದಲಾದರೆ ಹೊಸ ಒಪ್ಪಿಗೆ ಬೇಕು, ಅಡ್ಡಪರಿಣಾಮದಿಂದ ಬದಲಾದರೆ ಆ ಕಾರಣ ಕಾಗದದಲ್ಲಿರಬೇಕು. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸಕ್ಕೆ ನೆರವಾಗುವ ಆರೋಗ್ಯ ಮಿತ್ರರ ಪರಿಚಯ ಮೊದಲ ದಿನವೇ ಆಗಲಿ. ಉಚಿತವಾಗಬೇಕಾದ ಚಿಕಿತ್ಸೆಗೆ ಹಣ ಕೇಳಿದರೆ ರಸೀದಿ ಕೇಳಿ, 104 ಅಥವಾ 14555ಕ್ಕೆ ದೂರು ಕೊಡಿ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವ ಕಾರ್ಮಿಕರಿಗೆ ಚಿಕಿತ್ಸೆಯ ಜೊತೆ ವೇತನದ ನೆರವೂ ಇದೆ. ಕ್ಯಾನ್ಸರ್ ಸೇರಿ 34 ದೀರ್ಘಕಾಲದ ಕಾಯಿಲೆಗಳಿಗೆ, ಸೇವಾವಧಿಯ ಷರತ್ತು ಪೂರೈಸಿದ್ದರೆ, ಕೂಲಿಯ ಶೇ 80ರಷ್ಟನ್ನು ಎರಡು ವರ್ಷದವರೆಗೂ ಕೊಡುತ್ತಾರೆ. ಇದನ್ನು ಕೇಳದೆ ಕೆಲಸ ಬಿಟ್ಟವರು ಎಷ್ಟೋ ಮಂದಿ. ರಾಜೀನಾಮೆ ಬರೆಯುವ ಮುನ್ನ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಬನ್ನಿ.

1ರಿಂದ 5ನೇ ದಿನ: ವಾಂತಿ, ವಾಕರಿಕೆ

ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ನುಂಗಬೇಕು ಎಂಬ ತಿಳಿವಳಿಕೆಯೇ ಅರ್ಧ ತೊಂದರೆಗೆ ಕಾರಣ. ಅವು ಬಾರದಂತೆ ತಡೆಯುವ ಮಾತ್ರೆಗಳು. ಒಂದನಸೆಟ್ರಾನ್, ಡೆಕ್ಸಾಮೆಥಾಸೋನ್, ಅಪ್ರೆಪಿಟಂಟ್, ಒಲಾಂಜಪಿನ್ ಇವುಗಳಲ್ಲಿ ಯಾವುದನ್ನು ಎಷ್ಟು ದಿನ ಬರೆದಿದ್ದಾರೋ ಅಷ್ಟು ದಿನವೂ ಹೊತ್ತಿಗೆ ಸರಿಯಾಗಿ ನುಂಗಿ. ಸಿಸ್‌ಪ್ಲಾಟಿನ್‌ನಂಥ ಔಷಧದಲ್ಲಿ ವಾಕರಿಕೆ ಎರಡನೇ ದಿನದಿಂದ ಐದನೇ ದಿನದವರೆಗೂ ಹಿಂದಿರುಗಿ ಬರುತ್ತದೆ. ಒಂದನಸೆಟ್ರಾನ್ ಮಲ ಕಟ್ಟಿಸುತ್ತದೆ, ಒಲಾಂಜಪಿನ್ ತೂಕಡಿಕೆ ತರುತ್ತದೆ. ಇವೆರಡೂ ಗೊತ್ತಿದ್ದರೆ ಗಾಬರಿಯಿಲ್ಲ. ಒಗ್ಗರಣೆಯ ಘಾಟು, ಬಿಸಿ ಸಾರಿನ ಹಬೆ ವಾಕರಿಕೆ ಕೆರಳಿಸುತ್ತವೆ. ತಣಿದ ಇಡ್ಲಿ, ಗಂಜಿ, ರಾಗಿ ಅಂಬಲಿಯನ್ನು ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪವೇ ಕೊಡಿ. 24 ಗಂಟೆ ನೀರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ.

ಡಾಕ್ಸೋರುಬಿಸಿನ್ ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ. ಅದು ಔಷಧದ ಬಣ್ಣ, ರಕ್ತವಲ್ಲ. ಆದರೆ ಔಷಧ ಇಳಿಯುತ್ತಿರುವಾಗ ಸೂಜಿಯ ಜಾಗ ಉರಿದರೆ, ಊದಿದರೆ 'ಆಮೇಲೆ ಹೇಳೋಣ' ಎನ್ನದೆ ಆ ಕ್ಷಣವೇ ನರ್ಸನ್ನು ಕೂಗಿ. ರಕ್ತನಾಳದಿಂದ ಹೊರಗೆ ಸೋರಿದ ಕೆಲವು ಔಷಧಗಳು ಮಾಂಸವನ್ನೇ ಸುಡುತ್ತವೆ. ಮನೆಗೆ ಬಂದ ಮೊದಲ 48 ಗಂಟೆ ರೋಗಿ ಬಳಸಿದ ಶೌಚಕ್ಕೆ ಎರಡು ಸಲ ನೀರು ಹಾಕಿ, ವಾಂತಿ ಬಳಿಯುವಾಗ ಕೈಗವಸು ಹಾಕಿಕೊಳ್ಳಿ.

7ರಿಂದ 14ನೇ ದಿನ: ಜ್ವರ ಬಂದ ರಾತ್ರಿ

ಈ ದಿನಗಳಿಗೆ ಡೈರಿಯಲ್ಲಿ ಕೆಂಪು ಗೆರೆ ಎಳೆಯಿರಿ. ಬಿಳಿ ರಕ್ತಕಣಗಳು ತಳ ಮುಟ್ಟುವುದು ಸಾಮಾನ್ಯವಾಗಿ ಆಗಲೇ. ವರದಿಯಲ್ಲಿ ನೋಡಬೇಕಾದ್ದು ನ್ಯೂಟ್ರೋಫಿಲ್, ಅಂದರೆ ಸೋಂಕಿನೊಂದಿಗೆ ಹೋರಾಡುವ ಬಿಳಿಕಣಗಳ ಸಂಖ್ಯೆಯನ್ನು. ಒಟ್ಟು ಬಿಳಿಕಣ 2,000, ನ್ಯೂಟ್ರೋಫಿಲ್ ಶೇ 25 ಎಂದಿದ್ದರೆ ಸಂಖ್ಯೆ 500. ಐನೂರಕ್ಕಿಂತ ಕೆಳಗಿಳಿದಾಗ ಕರುಳಿನಲ್ಲಿ, ಚರ್ಮದ ಮೇಲೆ ಸುಮ್ಮನಿದ್ದ ಬ್ಯಾಕ್ಟೀರಿಯಾಗಳೇ ರಕ್ತಕ್ಕೆ ನುಗ್ಗುತ್ತವೆ. ಕೀವು, ಕೆಮ್ಮು ಎಷ್ಟೋ ಸಲ ಕಾಣುವುದಿಲ್ಲ, ಏಕೆಂದರೆ ಕೀವಾಗುವ ಕಣಗಳೇ ಕಡಿಮೆ. ಆಗ ಕಾಣುವುದು ಜ್ವರ ಒಂದೇ.

ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ. ನಾಲಿಗೆಯ ಕೆಳಗಿಟ್ಟು ನೋಡಿ, ಕಾಫಿ ಕುಡಿದಿದ್ದರೆ ಕಾಲು ಗಂಟೆ ಬಿಟ್ಟು ನೋಡಿ. ಕಂಕುಳಲ್ಲಿ ಇಟ್ಟರೆ ಓದು ಸ್ವಲ್ಪ ಕಡಿಮೆಯೇ ತೋರಿಸುತ್ತದೆ. 100.4 ಡಿಗ್ರಿ ಫ್ಯಾರನ್‌ಹೀಟ್ ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಡೋಲೋ ನುಂಗಿಸಿ ಮಲಗಿಸಬೇಡಿ. ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಜ್ವರವಿಲ್ಲದೆ ಗಡಗಡ ನಡುಗಿದರೂ, ಮಂಕಾದರೂ ಇದೇ ನಿಯಮ. ಆಸ್ಪತ್ರೆ ಬಾಗಿಲಲ್ಲಿ ಹೇಳಬೇಕಾದ ಮಾತು 'ಜ್ವರ' ಎಂದಷ್ಟೇ ಅಲ್ಲ. 'ಕೀಮೋ ಆಗಿ ಹತ್ತು ದಿನ, ಈಗ ಜ್ವರ' ಎನ್ನಿ. ರಕ್ತದ ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂಬ ಪರೀಕ್ಷೆ) ಮಾದರಿ ತೆಗೆದು ಒಂದು ಗಂಟೆಯೊಳಗೆ ನಾಳದ ಮೂಲಕ ಮೊದಲ ಆ್ಯಂಟಿಬಯೋಟಿಕ್ ಬೀಳಬೇಕು. ಊರು ದೂರವಿದ್ದರೆ ಇಷ್ಟನ್ನು ಮಾಡಬಲ್ಲ ಹತ್ತಿರದ ಆಸ್ಪತ್ರೆ ಯಾವುದು, ಅದು ವಿಮೆಯ ನೆಟ್‌ವರ್ಕಿನಲ್ಲಿ (ಕಂಪನಿಯೊಂದಿಗೆ ಒಪ್ಪಂದವಿರುವ ಆಸ್ಪತ್ರೆಗಳ ಪಟ್ಟಿ) ಇದೆಯೇ ಎಂಬುದನ್ನು ಮೊದಲ ಸುತ್ತಿಗೆ ಮುನ್ನವೇ ಡೈರಿಯ ಮೊದಲ ಪುಟದಲ್ಲಿ ಬರೆದಿಡಿ. ನೆಟ್‌ವರ್ಕಿನಲ್ಲಿ ಇಲ್ಲದಿದ್ದರೂ ಅಲ್ಲಿಗೇ ಹೋಗಿ. ಹಣ ಆಮೇಲೆ ಮರುಪಾವತಿಯಲ್ಲಿ ಕೇಳಬಹುದು.

ವಿಮೆಯ ದೃಷ್ಟಿಯಿಂದ ಇದು ತುರ್ತು ದಾಖಲಾತಿ, ಹೊಸ ಕ್ಲೇಮ್. ಹೆಚ್ಚಿನ ಪಾಲಿಸಿಗಳು 24 ಗಂಟೆಯೊಳಗೆ ತಿಳಿಸಬೇಕೆನ್ನುತ್ತವೆ. ಇಲ್ಲಿ ಕ್ಲೇಮ್ ಬೀಳುವುದು ಡಿಸ್‌ಚಾರ್ಜ್ ಸಮ್ಮರಿಯಲ್ಲಿ. 'ಜ್ವರ, ನಿಗಾದಲ್ಲಿಡಲಾಗಿತ್ತು' ಎಂದಷ್ಟೇ ಬರೆದಿದ್ದರೆ 'ಹೊರರೋಗಿಯಾಗಿ ನೋಡಬಹುದಿತ್ತು' ಎಂದು ತಿರಸ್ಕರಿಸಲು ದಾರಿಯಾಗುತ್ತದೆ. ಕೀಮೋ ನಂತರದ ನ್ಯೂಟ್ರೋಫಿಲ್ ಕುಸಿತದ ಜ್ವರ ಎಂಬ ರೋಗನಿರ್ಣಯ, ಆ ದಿನದ ಸಂಖ್ಯೆ, ನಾಳದ ಮೂಲಕ ಕೊಟ್ಟ ಆ್ಯಂಟಿಬಯೋಟಿಕ್‌ನ ಹೆಸರು, ಎಷ್ಟು ದಿನ ಕೊಟ್ಟರು ಎಂಬ ನಾಲ್ಕೂ ಅದರಲ್ಲಿವೆಯೇ ನೋಡಿ. ಇಲ್ಲದಿದ್ದರೆ ಬಿಡುಗಡೆಗೆ ಮುಂಚೆಯೇ ವಿನಯವಾಗಿ ಕೇಳಿ ಸೇರಿಸಿಕೊಳ್ಳಿ. ಮುಂದಿನ ಸುತ್ತಿಗೆ ವೈದ್ಯರು ಬಿಳಿಕಣ ಏರಿಸುವ ಪೆಗ್‌ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಬರೆದರೆ, ಅದಕ್ಕೆ ಕಾರಣವನ್ನೂ ಚೀಟಿಯಲ್ಲಿ ಬರೆಸಿ. ಕೀಮೋ ಮುಗಿದು ಕನಿಷ್ಠ 24 ಗಂಟೆಯ ನಂತರ ಕೊಡುವ ಇಂಜೆಕ್ಷನ್ ಇದು. ಹೀಗೆ ಮರುದಿನ ಪ್ರತ್ಯೇಕವಾಗಿ ಬರುವುದರಿಂದಲೇ ಅದರ ಬಿಲ್ ಡೇ ಕೇರ್ ಬಿಲ್ಲಿನಿಂದ ತಪ್ಪಿಹೋಗುತ್ತದೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಮದ್ದಾದ್ದರಿಂದ ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ ತನ್ನಿ, ಫ್ರೀಜರ್‌ನಲ್ಲಿ ಇಡಬೇಡಿ.

ಈ ವಾರ ಹಸಿ ಕೋಸಂಬರಿ, ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು, ಜಾತ್ರೆ, ಮದುವೆ ಬೇಡ. ಕುದಿಸಿ ಆರಿಸಿದ ನೀರು, ಆಗಷ್ಟೇ ಬೇಯಿಸಿದ ಊಟ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು ಸರಿ. ಮನೆಗೆ ಬಂದವರು ಮೊದಲು ಕೈ ತೊಳೆಯಲಿ.

ಬಾಯಿ, ಹೊಟ್ಟೆ, ಕೈಕಾಲು

ಬಾಯಿ ಹುಣ್ಣಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡ. ದಿನಕ್ಕೆ ಐದಾರು ಸಲ ಮುಕ್ಕಳಿಸಿ, ನುಂಗಬೇಡಿ, ಪ್ರತಿದಿನ ಹೊಸದು ಮಾಡಿ. ಮದ್ಯಸಾರವಿರುವ ಮೌತ್‌ವಾಷ್ ಹುಣ್ಣನ್ನು ಸುಡುತ್ತದೆ.

ಎಂದಿಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ ಫೋನ್ ಮಾಡಿ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರಿಗೇ ಕರಗಿಸಿ, ಲೋಟಕ್ಕೆ ಅಂದಾಜಿನಲ್ಲಿ ಹಾಕಬೇಡಿ. ಮೂರು ದಿನ ಮಲವಾಗದಿದ್ದರೂ ಹೇಳಿ. ಕೌಂಟ್ ಇಳಿದಿರುವಾಗ ಎನಿಮಾ ಕೊಡಬಾರದು.

ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟಿನ್, ಆಕ್ಸಾಲಿಪ್ಲಾಟಿನ್ ಬೆರಳ ತುದಿಗೆ ಜೋಮು ಹಿಡಿಸುತ್ತವೆ. ಆಕ್ಸಾಲಿಪ್ಲಾಟಿನ್ ಆದ ಮೇಲೆ ಕೆಲವು ದಿನ ತಣ್ಣೀರು ಕುಡಿಯಬೇಡಿ, ಫ್ರಿಜ್‌ಗೆ ಬರಿಗೈ ಹಾಕಬೇಡಿ. ಅಂಗಿಯ ಗುಂಡಿ ಹಾಕಲಾಗುತ್ತಿಲ್ಲ, ಚಪ್ಪಲಿ ಜಾರಿದ್ದು ತಿಳಿಯುತ್ತಿಲ್ಲ ಎನ್ನುವ ಹಂತಕ್ಕೆ ಬರುವ ಮೊದಲೇ ಹೇಳಬೇಕು. ಡೋಸು ಇಳಿಸಿದರೆ ಚಿಕಿತ್ಸೆ ವ್ಯರ್ಥವಾಗುತ್ತದೆಂದು ಹೆದರಿ ರೋಗಿಗಳು ಇದನ್ನು ಮುಚ್ಚಿಡುತ್ತಾರೆ. ಹಾನಿಯಾದ ನರ ಪೂರ್ತಿ ಮರಳದೆಯೂ ಇರಬಹುದು. ಅಮೃತಬಳ್ಳಿ, ಕಷಾಯ, ನಾಟಿ ಮದ್ದು ಏನೇ ತೆಗೆದುಕೊಳ್ಳುತ್ತಿದ್ದರೂ ಬೈಸಿಕೊಳ್ಳುವ ಭಯವಿಲ್ಲದೆ ವೈದ್ಯರ ಮುಂದೆ ಇಡಿ.

ಕ್ಲೇಮ್ ತಿರಸ್ಕಾರವಾದರೆ

ಫೋನಿನಲ್ಲಿ ಹೇಳಿದ್ದನ್ನು ತಿರಸ್ಕಾರವೆಂದು ಒಪ್ಪಬೇಡಿ. ಯಾವ ಷರತ್ತಿನ ಪ್ರಕಾರ ಎಂದು ಲಿಖಿತ ಪತ್ರ ಕೇಳಿ. ಈಗಿನ ನಿಯಮದಂತೆ ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಕ್ಯಾಶ್‌ಲೆಸ್ ನಿರಾಕರಣೆ ಎಂದರೆ ಕ್ಲೇಮ್ ನಿರಾಕರಣೆಯಲ್ಲ, ಬಿಲ್ ಕಟ್ಟಿ ಮರುಪಾವತಿಗೆ ಅರ್ಜಿ ಹಾಕಬಹುದು.

ಪತ್ರ ಬಂದ ಮೇಲೆ ಕ್ಯಾನ್ಸರ್ ತಜ್ಞರಿಂದ ಅರ್ಧ ಪುಟದ ಸ್ಪಷ್ಟನೆ ಬರೆಸಿ. ಷರತ್ತಿನ ಸಂಖ್ಯೆ ಹೆಸರಿಸಿ, ಅದಕ್ಕೆ ನೇರ ಉತ್ತರವಷ್ಟೇ ಅದರಲ್ಲಿರಲಿ. ಕಷ್ಟದ ಕಥೆ ಬೇಡ. ಅದನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿ, ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದೂರು ನೋಂದಾಯಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಕಡೆ ಹೋಗಬಹುದು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಕಂಪನಿಯ ತಿರಸ್ಕಾರದಿಂದ ಒಂದು ವರ್ಷದೊಳಗೆ ಹೋಗಬೇಕು. ಡೈರಿಯ ಎಡ ಪುಟ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಜ್ವರ ಬಂದ ಹೊತ್ತು, ಆಸ್ಪತ್ರೆ ಮುಟ್ಟಿದ ಹೊತ್ತು ಬರೆದಿಟ್ಟವರ ಮಾತು ನಿಲ್ಲುತ್ತದೆ.

ಕಡೆಗೆ ಕೆಲವು ಸಣ್ಣ ದಾರಿಗಳು. ಕಡಿಮೆ ದರಕ್ಕೆ ಔಷಧ ಮಾರುವ ಜನೌಷಧಿ ಮತ್ತು ಅಮೃತ್ ಮಳಿಗೆಗಳಲ್ಲಿ ದರ ಕೇಳದೆ ಔಷಧ ಕೊಳ್ಳಬೇಡಿ. ಚಿಕಿತ್ಸೆಗೆ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು 3ನೇ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ 75. ನಮೂನೆಗೆ ಆಸ್ಪತ್ರೆಯ ಸಹಿ ಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಸೆಕ್ಷನ್ ಅಡಿ 40,000, ಹಿರಿಯ ನಾಗರಿಕರ ಚಿಕಿತ್ಸೆಯಾದರೆ 1 ಲಕ್ಷದವರೆಗೆ ಕಡಿತ ಪಡೆಯಬಹುದು. ವಿಮೆಯಿಂದ ಬಂದದ್ದನ್ನು ಅದರಲ್ಲಿ ಕಳೆಯಬೇಕು.

ಚಿಕಿತ್ಸೆಯ ನಡುವೆ ಕಂಪನಿ ಬದಲಿಸುವ ಯೋಚನೆ ಬೇಡ, ಹೊಸ ಕಂಪನಿ ಬೇಡ ಎನ್ನಬಹುದು. ಈಗಿರುವ ಕಂಪನಿ ಮಾತ್ರ ಕ್ಲೇಮ್ ಕೇಳಿದಿರೆಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ. ಕಚೇರಿಯ ಗುಂಪು ವಿಮೆಯಲ್ಲಿದ್ದು ಕೆಲಸ ಬಿಡುವವರು, ಬಿಡುವ ಮೊದಲೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬೇಕು. ಇಮ್ಯುನೊಥೆರಪಿಯ ಅಡ್ಡಪರಿಣಾಮಗಳು ಕೊನೆಯ ಡೋಸಿನ ತಿಂಗಳುಗಳ ನಂತರವೂ ಭೇದಿಯಾಗಿ, ಉಸಿರಾಟದ ತೊಂದರೆಯಾಗಿ, ಥೈರಾಯ್ಡ್ ಏರುಪೇರಾಗಿ ಕಾಣಿಸಿಕೊಳ್ಳಬಹುದು, ಆದ್ದರಿಂದ ಚಿಕಿತ್ಸೆ ಮುಗಿದರೂ ಪಾಲಿಸಿ ನಿಲ್ಲಬಾರದು. ವಾರ್ಷಿಕ ಕಂತಿಗೆ 30 ದಿನ ಹೆಚ್ಚುವರಿ ಗಡುವಿದ್ದರೂ ಕಂತು ಕಟ್ಟುವವರೆಗಿನ ಆ ದಿನಗಳಲ್ಲಿ ಬಂದ ಖರ್ಚು ಸಿಗುವುದಿಲ್ಲ. ಆದ್ದರಿಂದ ನವೀಕರಣದ ತಾರೀಖನ್ನು ಡೈರಿಯ ಮೊದಲ ಪುಟದಲ್ಲಿ, ರಾತ್ರಿ ಓಡಬೇಕಾದ ಆಸ್ಪತ್ರೆಯ ಫೋನ್ ನಂಬರಿನ ಪಕ್ಕದಲ್ಲೇ ಬರೆಯಿರಿ.